ಬಿಚ್ಚಿಟ್ಟ ಡಯೋಡ್

ಉಡುತಡಿಯ ಮಮತಾ ಕಾವು ಪೆಟ್ಟಿಗೆಯಲ್ಲಿಟ್ಟಿದ್ದ ನೂರ ಇಪ್ಪತ್ತು ಕೋಳಿಮೊಟ್ಟೆಗಳಿಗೆ ಅಂದು ಇಪ್ಪತ್ತನೆಯ ದಿನ. ಮರುದಿನ ಮರಿಗಳು ಹೊರಬರಬೇಕಿತ್ತು. ಬೆಳಿಗ್ಗೆ ಪೆಟ್ಟಿಗೆಯೊಳಗಿನ ಬಲ್ಬುಗಳು ಆರಿಹೋದವು. ಅದರ ಸರ್ಕ್ಯೂಟ್ ಕಟ್ಟಿಕೊಟ್ಟವನು ನಾನೇ, ಬಿ.ಎಸ್ಸಿ. ಮುಗಿಸಿ ಸೊರಬದಲ್ಲಿ ಸ್ಟೆಬಿಲೈಜರ್ ತಯಾರಿಸುತ್ತಿದ್ದೆ. ೧೯೯೫ರ ಮಾತು.

ನಾನು ತಲುಪಿದಾಗ ಹನ್ನೊಂದು ಗಂಟೆ. ಕುರಿ ಸಾಕುವ ಮನೆ. ಅವಳ ಕೋಳಿ ಹುಚ್ಚಿಗೆ ನಗುತ್ತಿದ್ದ ಮನೆಯವರ ಕಂಬಳಿಗಳನ್ನೆಲ್ಲ ತಂದು ಮೊಟ್ಟೆಗಳಿಗೆ ಹೊದಿಸಿದ್ದಳು. ಮಧ್ಯಾಹ್ನದೊಳಗೆ ಕಾವು ಬರದಿದ್ದರೆ ಒಂದೂ ಉಳಿಯದು ಎಂದಳು.

ಫ್ಯೂಸ್ ಸುಟ್ಟಿತ್ತು. ಬೇರೆಯದು ಹಾಕಿದೆ, ಅದೂ ಸುಟ್ಟಿತು. ನನ್ನ ಬಳಿ ಇನ್ನೊಂದೇ ಇತ್ತು. ಪ್ಲಗ್ ಕಿತ್ತು, ಕರೆಂಟಿಗೆ ದಾರಿ ಇದ್ದರೆ ಕೂಗುವಂತೆ ಹೊಸ ಡಿಜಿಟಲ್ ಮೀಟರನ್ನು ಬೀಪ್‌ಗೆ ತಿರುಗಿಸಿ, ನಾಲ್ಕು ಡಯೋಡ್‌ಗಳಲ್ಲಿ ಮೊದಲನೆಯದಕ್ಕೆ ಮೀಟರಿನ ಎರಡು ಮೊನೆಗಳನ್ನು ಮುಟ್ಟಿಸಿದೆ. ಕೂಗಿತು. ಮೊನೆ ಅದಲುಬದಲು ಮಾಡಿದೆ. ಮತ್ತೆ ಕೂಗಿತು. ಡಯೋಡ್ ಒಂದೇ ದಿಕ್ಕಿಗೆ ಕರೆಂಟ್ ಬಿಡಬೇಕು. ಎರಡೂ ಕಡೆ ಬಿಟ್ಟರೆ ಕೆಟ್ಟಂತೆ. ಅದನ್ನು ಬಿಚ್ಚಿ ನೆಲಕ್ಕಿಟ್ಟು, ಇದ್ದ ಒಂದೇ ಹೊಸ ಡಯೋಡ್ ಬೆಸೆದೆ. ಹೊಸದೂ ಎರಡೂ ಕಡೆ ಕೂಗಿತು.

ಬೋರ್ಡೇ ಹೋಗಿದೆ ಎಂದೆ. ಮಮತಾ ಒಳಗಿನಿಂದ ತನ್ನ ಸೋದರಮಾವ ಸಣ್ಣಬೀರಪ್ಪನವರನ್ನು ಕರೆತಂದಳು. ಮೂವತ್ತು ವರ್ಷ ಶಿಕಾರಿಪುರದಲ್ಲಿ ರೇಡಿಯೋ ರಿಪೇರಿ ಮಾಡಿದವರು. ಈಗ ಕಿವಿ ಪೂರ್ತಿ ಹೋಗಿತ್ತು. ಕೂಗುವ ಮೀಟರ್ ಇವರಿಗೇಕೆ ಎಂದುಕೊಂಡೆ.

ಅವರು ಮೀಟರನ್ನು ಎಡಗೈಯಲ್ಲಿ ಹಿಡಿದು, ಹಿಂಬದಿಗೆ ಹೆಬ್ಬೆರಳಿಟ್ಟು, ಮೊನೆಗಳನ್ನು ಒಂದಕ್ಕೊಂದು ತಾಗಿಸಿದರು. ಒಳಗಿನ ನಡುಕ ಬೆರಳಿಗೆ ಸಿಕ್ಕಿತೇನೋ, ತಲೆಯಾಡಿಸಿದರು. ಆಮೇಲೆ ನೆಲದಲ್ಲಿದ್ದ ಹಳೆಯ ಡಯೋಡನ್ನು ಎತ್ತಿಕೊಂಡು, ಗುಂಡಿಯನ್ನು ಡಯೋಡ್ ಗುರುತಿಗೆ ತಿರುಗಿಸಿ ಅಳೆದರು. ಒಂದು ಕಡೆ ೫೮೦, ಕರೆಂಟಿಗೆ ದಾರಿ ಇದೆ. ತಿರುಗಿಸಿದರೆ ಪರದೆಯ ಎಡತುದಿಯಲ್ಲಿ ಬರೀ ಒಂದು. ಅಂದರೆ ದಾರಿ ಇಲ್ಲ.

"ಇದು ಚೆನ್ನಾಗೈತಲ್ಲಪ್ಪಾ," ಎಂದರು. "ಸಾಲಲ್ಲಿ ಕೂತಾಗ ಒಬ್ಬನ ತಪ್ಪು ಪಕ್ಕದವನ ಮೇಲೆ ಬರ್ತೈತೆ. ಒಂದ್ ಕಾಲು ಎಬ್ಬಿಸಿ ಕೇಳ್ಬೇಕು."

ಪಕ್ಕದ ಡಯೋಡಿನ ಒಂದು ತಂತಿಯ ಬೆಸುಗೆ ಕರಗಿಸಿ ಮೇಲೆತ್ತಿ ಅಳೆದರು. ಎರಡೂ ಕಡೆ ಸೊನ್ನೆ. ಕೆಟ್ಟದ್ದು ಅದು. ಟ್ರಾನ್ಸ್‌ಫಾರ್ಮರಿನ ಸುರುಳಿ ಇವೆರಡನ್ನೂ ಜೋಡಿಸುವುದು ನಾನೇ ಬರೆದ ನಕ್ಷೆಯಲ್ಲಿತ್ತು. ಅದಕ್ಕೇ ಕೆಟ್ಟದ್ದರ ಕೂಗು ಮೊದಲನೆಯದರಲ್ಲೂ ಕೇಳಿಸಿತ್ತು. ಕಾಗದದ ಮೇಲೆ ಯಾರು ಕೇಳಿದ್ದರೂ ವಿವರಿಸುತ್ತಿದ್ದೆ.

ನಾನು ಕಿತ್ತಿಟ್ಟದ್ದನ್ನೇ ಅಲ್ಲಿಗೆ ಬೆಸೆದರು. ಕೊನೆಯ ಫ್ಯೂಸ್ ಹಾಕಿ ಪ್ಲಗ್ ಸಿಕ್ಕಿಸಿದೆ. ಬಲ್ಬುಗಳು ಹೊತ್ತಿದವು, ಹೊತ್ತಿಯೇ ಇದ್ದವು.

"ಮಾವಂಗೆ ಕಿವಿ ಇಲ್ಲ ಅಂತ ಊರೋರು ಆಡ್ಕೊಳ್ತಾರೆ ಸಾರ್," ಎಂದಳು ಮಮತಾ ಕಂಬಳಿ ಸರಿಸುತ್ತ. "ನಿಮ್ಗೆ ಎರಡಿದ್ವಲ್ಲ."

ಸಣ್ಣಬೀರಪ್ಪನವರು ನಗಲಿಲ್ಲ, ಅವರಿಗೆ ಕೇಳಿಸಿರಲಿಲ್ಲ. ಒಂದು ಮೊಟ್ಟೆಯನ್ನೆತ್ತಿ, ಮೀಟರ್ ಹಿಡಿದಂತೆಯೇ ಹೆಬ್ಬೆರಳಿಟ್ಟು ಕಾದರು. ಬಹಳ ಹೊತ್ತಿನ ಮೇಲೆ ಸೋದರಸೊಸೆಯ ಕಡೆ ನೋಡಿದರು.

"ಒಳಗಿಂದ ಕುಟ್ತೈತೆ," ಎಂದರು.