ನಾಲ್ಕನೆಯ ಪಿಸ್ಟನ್

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಖಾಸಿಂಸಾಬ ಅಮಾತೆಪ್ಪನ ಎಡಗೈ ಹೆಬ್ಬೆರಳನ್ನು ಮೂರನೆಯ ಸಲ ಉಜ್ಜಿದ. ಕರಿ ಹೋಗಲೊಲ್ಲದು. ಉಗುರಿನ ಸಂದಿಯಲ್ಲಿ ಮೂವತ್ತು ವರ್ಷದ ಇಂಜಿನ್ ಎಣ್ಣೆ ಕೂತಿತ್ತು. ಬದುಕಿದ್ದಾಗ ಹೋಗದ್ದು ಸತ್ತ ಮೇಲೆ ಹೋಗೀತೇ? ಆದರೂ ಉಜ್ಜಿದ. ಇನ್ನು ಸ್ವಲ್ಪ ಹೊತ್ತಿಗೆ ಆ ಅಂಗೈಯಲ್ಲಿ ಲಿಂಗ ಇಡುವವರಿದ್ದರು.

"ಸಾಕ್ ಬಿಡೋ ಖಾಸೀಮ," ಎಂದರು ಅಯ್ಯನವರು, ಕಂಬಕ್ಕೆ ಒರಗಿ ಕೂತಲ್ಲಿಂದಲೇ. "ದುಡದ ಕೈ ಅದು. ಶಿವಗೇನ್ ಅದರ ಹೇಸಿಕಿ ಇಲ್ಲ."

"ಇರ್ಲಿ ಬಿಡ್ರಿ ಅಯ್ಯನೋರ. ಸ್ವಚ್ಛ ಆಗ್ಲಿ."

ಬೇರೆ ಮತದವನು ಹೆಣ ಮುಟ್ಟುವುದೇನು ಎಂದು ಬೆಳಗಿನಲ್ಲಿ ಬೀಗರೊಬ್ಬಿಬ್ಬರು ಗುಸುಗುಟ್ಟಿದ್ದರು. ಸತ್ತವನ ಹೆಂಡತಿ ಸಿದ್ದಲಿಂಗವ್ವ ಅವರ ಬಾಯಿ ಮುಚ್ಚಿಸಿದ್ದಳು: "ಅವ್ರ ಕೈಯಾನ ಎಣ್ಣಿ ತಗಿಯೂದು ಖಾಸೀಮಣ್ಣಗ ಗೊತ್ತು. ನಿಮಗ್ಯಾರಿಗೆ ಗೊತ್ತೈತಿ?"

ಅಮಾತೆಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ತಲೆಗೆ ಹೊಸ ರುಮಾಲು. ಸದಾ ಖಾಕಿ ಅಂಗಿಯಲ್ಲೇ ಇದ್ದವನು ಬಿಳಿ ಬಟ್ಟೆಯಲ್ಲಿ ಯಾರದೋ ಮನೆಯ ಮದುವೆಗೆ ಹೊರಟವನ ಹಾಗೆ ಕಾಣುತ್ತಿದ್ದ. ಅವನ ಹೊಲದ ಬಾಜುವಿನ ಮಲಕಪ್ಪ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಳ್ಳುತ್ತ ಬಂದು ಕೂತ.

"ನಿನ್ನಿ ಹೊತ್ತು ಮುಳಗೂದರಾಗ ನನ್ನ ಪಂಪ್ ಚಾಲೂ ಮಾಡಿ ಕೊಟ್ಟಾನ್ರಿ. 'ನಾಳಿ ಮುಂಜಾನಿಂದ ಶೇಂಗಾಕ್ಕ ನೀರ ಬಿಡು ಮಲಕಪ್ಪ' ಅಂದ. ಮನಿಗೆ ಬಂದು, ಚಾ ಕುಡದು ಒರಗಿದಾಂವ ಏಳ್ಲೇ ಇಲ್ಲ ನೋಡ್ರಿ." ಮಲಕಪ್ಪ ಕಣ್ಣೊರೆಸಿಕೊಂಡ. ಅವನ ಬಾಯಿ ಸುಮ್ಮನಿರುವ ಬಾಯಲ್ಲ. "ಹ್ವಾದ ಹ್ವಾದ, ಸ್ವಾಮಾರ ಮಣ್ಣಾಗಾಕ ಹ್ವಾದ. ಒಂದ್ ಕಾಲಕ್ಕ ಸ್ವಾಮಾರ ಅಂದ್ರ ನಟ್ ಬಿಚ್ಚೂ ಪಾನಾ ಕೈಲೆ ಮುಟ್ಟತಿದ್ದಿಲ್ಲ. ಆ ಸ್ವಾಮಾರದಿಂದನ ಅಲ್ಲೇನ್ರಿ ರೇಸ್ ಕೈ ಬಿಟ್ಟಿದ್ದು?"

ಸೋಮವಾರದ ಮಾತಿಗೆ ಕೂತವರಲ್ಲಿ ಒಬ್ಬನಿಗೆ ನಗು ಬಂತು. ಹೆಣದ ಮುಂದೆ ನಗಬಾರದೆಂದು ಕೆಮ್ಮಿದ. ಖಾಸಿಂಸಾಬನ ಕೈಯಲ್ಲಿದ್ದ ಬಟ್ಟೆ ನಿಂತಿತು.

*

ಇಳಕಲ್ಲಿನ ಬಸ್ ನಿಲ್ದಾಣದ ಹಿಂದೆ ಒಂದು ತಗಡಿನ ಶೆಡ್ಡು. ಅರ್ಧ ಖಾಸಿಂಸಾಬನ ಲೋಹ ಕಡೆಯುವ ಲೇತು, ಅರ್ಧ ಅಮಾತೆಪ್ಪನ ಇಂಜಿನುಗಳು. ಬೇವೂರಿನಿಂದ ಹುನಗುಂದದವರೆಗೆ ಯಾವ ಹೊಲದ ಪಂಪು ಕೆಟ್ಟರೂ ಅಲ್ಲಿಗೇ ಬರಬೇಕು. ಅಮಾತೆಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನಿಗೆ ಹಚ್ಚಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಆಮೇಲೆ ರೋಗ ಹೇಳುತ್ತಿದ್ದ. ಅಳತೆ ಮಾತ್ರ ಖಾಸಿಂಸಾಬನದು. ಖಾಸಿಂಸಾಬನ ಅಳತೆ ತಪ್ಪಿದರೆ ಸೂರ್ಯ ಪಡುವಣಕ್ಕೆ ಹುಟ್ಟಿದ ಎಂದು ಊರಲ್ಲಿ ಮಾತಿತ್ತು. ಆ ಮಾತು ಅವನಿಗೆ ಬಹಳ ಸೇರುತ್ತಿತ್ತು.

ಎಪ್ಪತ್ತೈದನೆಯ ಇಸವಿಯಲ್ಲಿ ಗ್ರ್ಯಾನೈಟ್ ಕ್ವಾರಿಯ ಕಂಪ್ರೆಸರ್ ಕೆಟ್ಟು ನಿಂತಿತು. ಮದ್ರಾಸಿನಿಂದ ಬಂದ ಇಬ್ಬರು ಕೈಚೆಲ್ಲಿದ ಮೇಲೆ ಅಮಾತೆಪ್ಪ ಒಂದು ಮಧ್ಯಾಹ್ನದಲ್ಲಿ ಅದನ್ನು ಓಡಿಸಿದ. ಅದನ್ನು ನೋಡುತ್ತ ನಿಂತಿದ್ದವನು ಕ್ವಾರಿ ಮಾಲೀಕನ ಸೋದರಳಿಯ. ಊರವರು ಸಣ್ಣ ಸಾವಕಾರ ಎನ್ನುತ್ತಿದ್ದರು. ಅವನಿಗೆ ಕಾರಿನ ರೇಸಿನ ಹುಚ್ಚು. ಮದ್ರಾಸಿನ ಹತ್ತಿರ ಶೋಲಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುವ ರೇಸಿನಲ್ಲಿ ಫಾರ್ಮುಲಾ ಕಾರು ಓಡಿಸುತ್ತಿದ್ದ. ಒಬ್ಬನೇ ಕೂರುವ, ಮೇಲೆ ಮುಚ್ಚಿಗೆಯಿಲ್ಲದ, ನಾಲ್ಕೂ ಗಾಲಿ ಹೊರಗೇ ಇರುವ ಕಾರು. ಅದಕ್ಕೆ ಇಂಜಿನ್ ಮಾಡಿಕೊಡುತ್ತೀಯಾ ಎಂದು ಕೇಳಿದ.

"ಪಂಪ್ ಆಗ್ಲಿ, ಕಾರ್ ಆಗ್ಲಿ, ಉಸಿರಾಟ ಒಂದ ರೀ," ಎಂದ ಅಮಾತೆಪ್ಪ.

ಅಬ್ಬಾ, ಆ ಧೈರ್ಯವೇ! ಮೊದಲನೆಯ ವರ್ಷ ಹದಿನಾಲ್ಕು ಕಾರುಗಳಲ್ಲಿ ಇವರದು ಹನ್ನೊಂದನೆಯದು. ಉಳಿದವರ ಇಂಜಿನುಗಳು ಮುಂಬಯಿ, ಕೊಯಮತ್ತೂರುಗಳಿಂದ ಬಂದವು; ಇಟಲಿಯ ಕಾರ್ಬೊರೇಟರು, ಹೊರದೇಶದ ಪಿಸ್ಟನ್ನು. ಇವರದು ಗುಜರಿಯ ಹಳೆಯ ಕಾರಿನ ಇಂಜಿನು, ಖಾಸಿಂಸಾಬ ಲೇತಿನ ಮೇಲೆ ಕಡೆದ ಪಿಸ್ಟನ್ನು. ಅಮಾತೆಪ್ಪ ಎಂಟು ದಿನ ಬಾಯಿ ಬಿಡಲಿಲ್ಲ. ಒಂಬತ್ತನೆಯ ದಿನ ಗ್ರ್ಯಾನೈಟಿಗೆ ಹೊಳಪು ಕೊಡುವವರ ಹತ್ತಿರ ಹೋಗಿ ಒಂದು ಡಬ್ಬಿ ಪುಡಿ ತಂದ. ಇಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯನ್ನು ಆ ಪುಡಿಯಿಂದ ಎರಡು ತಿಂಗಳು ತಿಕ್ಕಿದ. ಒಳಗೆ ಮುಖ ಕಾಣುವಂತಾಯಿತು.

"ಇಟಲಿಯವರ ಹಂತ್ಯಾಕ ಇದೇನ್ ಇರಂಗಿಲ್ಲ ಲೇ ಖಾಸೀಮ. ಇದು ಇಳಕಲ್ಲಿಂದು."

ಎರಡನೆಯ ವರ್ಷ ಏಳನೆಯದು. ಮೂರನೆಯ ವರ್ಷ ನಾಲ್ಕನೆಯದು. ಮುಂಬಯಿಯ ಮಿಸ್ತ್ರಿಗಳು ಬಂದು ಬಗ್ಗಿ ನೋಡಿ, ಇಳಕಲ್ ಅಂದರೆ ಸೀರೆಯ ಊರಲ್ಲವೇ ಎಂದು ಕೇಳಿದರು. ಒಂದು ವರ್ಷ ಬಿಟ್ಟು ಎಪ್ಪತ್ತೊಂಬತ್ತಕ್ಕೆ ಹೊಸ ಇಂಜಿನ್ ಕಟ್ಟಿದರು. ಇದು ಗೆದ್ದೇ ಗೆಲ್ಲುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದರೂ ದೃಷ್ಟಿಯಾದೀತೆಂದು ಇಬ್ಬರೂ ಆಡಲಿಲ್ಲ.

ಅಮಾತೆಪ್ಪನದೊಂದು ಹಟವಿತ್ತು. ಆ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಅಮಾತೆಪ್ಪ ಇಂಜಿನಿಗೂ ಅದನ್ನೇ ಹಿಡಿದಿದ್ದ. "ಎತ್ತಿನ ಬದ್ಲಿ ಇಂಜಿನ್ ಬಂತು. ಹೊರೂದು ಅದ ಭಾರ. ಅದಕ್ಕೂ ಒಂದ್ ದಿನ ಬ್ಯಾಡೇನು?" ಎನ್ನುತ್ತಿದ್ದ. ಸೋಮವಾರ ಬೆಳಗ್ಗೆ ಸ್ನಾನ ಮಾಡಿ ಬಂದು, ಶೆಡ್ಡಿನಲ್ಲಿದ್ದ ಪ್ರತಿ ಇಂಜಿನಿಗೂ ಮೂರು ಬೆರಳಿನಿಂದ ವಿಭೂತಿ ಎಳೆದು, ಚಾಲೂ ಮಾಡದೆ ಮನೆಗೆ ಹೋಗುತ್ತಿದ್ದ.

ಹೊಸ ಇಂಜಿನನ್ನು ಮೂರು ದಿನ ನಿಧಾನವಾಗಿ ಓಡಿಸಿ ಪಳಗಿಸಬೇಕು, ಪಿಸ್ಟನ್ನುಗಳಿಗೆ ಹಾದಿ ಸಿಗಬೇಕು. ಇಂಜಿನ್ ಶುಕ್ರವಾರ ಸಂಜೆ ಸಿದ್ಧವಾಯಿತು. ಶನಿವಾರ ಓಡಿತು, ರವಿವಾರ ಓಡಿತು. ಸೋಮವಾರ ವಿಭೂತಿ ಹಚ್ಚಿಸಿಕೊಂಡು ನಿಂತಿತು. ಮಂಗಳವಾರ ಮದ್ರಾಸಿಗೆ ಲಾರಿ.

ಆ ಸೋಮವಾರ ಖಾಸಿಂಸಾಬ ಶೆಡ್ಡಿನಲ್ಲಿ ಒಬ್ಬನೇ ಇದ್ದ. ಬೇರೆ ಕೆಲಸಕ್ಕೆಂದು, ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ತೆಗೆದ. ಅದರ ಬಾಯಿ ಮುಚ್ಚಿದಾಗ ಸೊನ್ನೆಗೆ ನಿಲ್ಲಬೇಕಾದದ್ದು ಎರಡು ಗೆರೆ ಹಿಂದೆ ನಿಂತಿತ್ತು. ಖಾಸಿಂಸಾಬ ಮತ್ತೊಮ್ಮೆ ಮುಚ್ಚಿ ನೋಡಿದ, ಅಷ್ಟೇ ಇತ್ತು. ಶುಕ್ರವಾರ ಮೂರು ಪಿಸ್ಟನ್ ಅಳೆದಾದ ಮೇಲೆ, ನಮಾಜಿಗೆ ಹೊತ್ತಾಯಿತೆಂಬ ಅವಸರದಲ್ಲಿ ಅದು ಕೈಜಾರಿ ಕಲ್ಲಿನ ಮೇಲೆ ಬಿದ್ದಿತ್ತು. ಒರೆಸಿ, ಅದರಲ್ಲೇ ನಾಲ್ಕನೆಯದನ್ನು ಅಳೆದಿದ್ದ. ನಾಲ್ಕನೆಯ ಪಿಸ್ಟನ್ ಎರಡು ಗೆರೆ ದಪ್ಪ ಉಳಿದುಬಿಟ್ಟಿತ್ತು; ಇಂಜಿನ್ ಕಾದರೆ ಉಬ್ಬಿ ಕಚ್ಚಿಕೊಳ್ಳಬಹುದು.

ಎದ್ದು ಅಮಾತೆಪ್ಪನ ಮನೆಯ ಕಡೆ ಅರ್ಧ ಓಣಿ ನಡೆದ. ಹೇಳಿದರೂ ಸೋಮವಾರ ಅವನು ಇಂಜಿನ್ ಬಿಚ್ಚುವುದಿಲ್ಲ, ನಾಳೆ ನಸುಕಿನಲ್ಲೇ ಹೇಳಿದರಾಯಿತು ಎಂದುಕೊಂಡು ತಿರುಗಿದ. ಮಂಗಳವಾರ ನಸುಕಿಗಿಂತ ಮೊದಲೇ ಲಾರಿ ಬಂದು ಹಾರ್ನ್ ಹೊಡೆಯಿತು. ಎರಡು ಗೆರೆ ತಾನೇ, ಅಲ್ಲಾ ಇದ್ದಾನೆ ಎಂದು ಅವನು ಲಾರಿ ಹತ್ತಿದ.

ಶೋಲಾವರಂನಲ್ಲಿ ಕಾರು ಮೊದಲ ಸುತ್ತಿನಲ್ಲಿ ಐದನೆಯದಿತ್ತು, ಆರನೆಯ ಸುತ್ತಿನಲ್ಲಿ ಎರಡನೆಯದು. ಇನ್ನು ಎರಡು ಸುತ್ತು ಉಳಿದಾಗ ಎಲ್ಲರಿಗಿಂತ ಮುಂದೆ ಬಂತು. ಅಮಾತೆಪ್ಪ ಡ್ರಮ್ಮಿನ ಮೇಲೆ ಹತ್ತಿ ಕೈ ಎತ್ತಿ, "ಹೋಗ್ ನನ್ನಪ್ಪಾ, ಹೋಗ್!" ಎಂದು ಕೂಗುತ್ತಿದ್ದ. ಕಾರು ತಿರುವಿನಲ್ಲಿ ಹೊಗೆಯುಗುಳಿ, ತೇಲಿಕೊಂಡು ಬಂದು, ಹುಲ್ಲಿನ ಮೇಲೆ ನಿಂತಿತು. ಇಂಜಿನ್ ಬಿಚ್ಚಿದಾಗ ಮೂರು ಪಿಸ್ಟನ್ ಸರಿಯಿದ್ದವು. ನಾಲ್ಕನೆಯದು ಕಚ್ಚಿ ಹಿಡಿದಿತ್ತು.

"ಎಷ್ಟು ದಿನ ಓಡಿಸಿದ್ದೆ?" ಎಂದ ಸಣ್ಣ ಸಾವಕಾರ.

"ಎರಡ್ ದಿವ್ಸ ರೀ. ಸ್ವಾಮಾರ... ಬಿಟ್ಟಿದ್ದೆ."

ಸಾವಕಾರ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ. ಖಾಸಿಂಸಾಬ ಬಾಯಿ ತೆರೆದ. ಸುತ್ತ ಮುಂಬಯಿಯ ಮಿಸ್ತ್ರಿಗಳು ನಿಂತಿದ್ದರು. ತೆರೆದ ಬಾಯಿ ಮುಚ್ಚಿಕೊಂಡ. ತಪ್ಪಿದ್ದು ಶುಕ್ರವಾರ, ಬೈಸಿಕೊಂಡದ್ದು ಸೋಮವಾರ.

ಮರುವರ್ಷದಿಂದ ಸಾವಕಾರನ ಕಾರಿಗೆ ಕೊಯಮತ್ತೂರಿನ ಇಂಜಿನ್ ಬಂತು. ಊರಲ್ಲಿ 'ಸ್ವಾಮಾರದ ಅಮಾತೆಪ್ಪ' ಎಂಬ ಹೆಸರು ಉಳಿಯಿತು. ಅದೆಲ್ಲ ಹೋಗಲಿ, ಮದ್ರಾಸಿನಿಂದ ಬಂದ ಮೊದಲ ಸೋಮವಾರ ಅಮಾತೆಪ್ಪ ಖಾಕಿ ಅಂಗಿ ತೊಟ್ಟು ಶೆಡ್ಡಿಗೆ ಬಂದ. ಹಣೆಯೂ ಬೋಳು. ಯಾರದೋ ಪಂಪಿನ ಹ್ಯಾಂಡಲ್ ಹಾಕಿ ತಿರುವಿದ. ಖಾಸಿಂಸಾಬ ಅವನ ಮುಖ ನೋಡಲಾರದೆ ಲೇತಿನ ಕಡೆ ತಿರುಗಿದ. ಅಲ್ಲಿಂದ ಏಳು ವರ್ಷ ಅಮಾತೆಪ್ಪ ಒಂದು ಸೋಮವಾರವೂ ಕೆಲಸ ಬಿಡಲಿಲ್ಲ.

*

ಹೊರಗೆ, ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟಿ ಮುಗಿಯುತ್ತ ಬಂದಿತ್ತು. ಬಾಳೆಗಿಡ ಕಟ್ಟಿ, ಚೆಂಡುಹೂವಿನ ಸರ ಇಳಿಬಿಡುತ್ತಿದ್ದರು. ಸಿದ್ದಲಿಂಗವ್ವ ಒಳಗಿನಿಂದ ಬಂದು ಖಾಸಿಂಸಾಬನ ಮುಂದೆ ಕೂತಳು. ಮಡಿಲಲ್ಲಿ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡು; ಅದರಲ್ಲಿ ಏನನ್ನೋ ಸುತ್ತಿ ತಂದಿದ್ದಳು. ಬಿಚ್ಚಿದಳು. ಮೈತುಂಬ ಗೀರು ಬಿದ್ದ ಪಿಸ್ಟನ್.

"ದೇವರ ಜಗಲಿ ಕೆಳಗ ಇಟ್ಟಿದ್ರು. ಹಂಗ್ಯಾಕ ಇಡತೀರಿ ಅಂದ್ರ, 'ನನ್ನ ಪಾಪ ಐತಿ, ಇರ್ಲಿ ಬಿಡು' ಅಂತಿದ್ರು. ಕುಣ್ಯಾಗ ಅವ್ರ ಬಾಜೂಕ ಇಡೂಣೇನ ಖಾಸೀಮಣ್ಣ? ಅಯ್ಯನೋರನ್ನ ಕೇಳ್ಲೇನು?"

ಖಾಸಿಂಸಾಬ ಬಟ್ಟೆ ಕೆಳಗಿಟ್ಟ. ಅಮಾತೆಪ್ಪನ ಕೈ ಅವನ ಕೈಯಲ್ಲೇ ಇತ್ತು.

"ಇಡಬ್ಯಾಡಕ್ಕ. ಅದು ಅವನ ಪಾಪ ಅಲ್ಲ."

"ಮತ್ತ್ಯಾರದು?"

ಹೇಳಿದ. ಶುಕ್ರವಾರ, ಮೈಕ್ರೋಮೀಟರ್, ಎರಡು ಗೆರೆ, ಅರ್ಧ ಓಣಿ ನಡೆದು ತಿರುಗಿದ್ದು. ಅವಳಿಗೆ ಗೆರೆಗಿರೆ ತಿಳಿಯಲಿಲ್ಲ, ಉಳಿದದ್ದೆಲ್ಲ ತಿಳಿಯಿತು. ಗಂಡನ ಮುಖದ ಕಡೆ ತಿರುಗಿದಳು.

"ಏಳ್ ವರ್ಸ ಬಸವಣ್ಣಗ ಕೈ ಮುಗೀಲಿಲ್ಲ ಅವ್ರು," ಎಂದಳು. "ನಾ ವಿಭೂತಿ ಹಚ್ಚಾಕ ಹ್ವಾದ್ರ ಮಾರಿ ತಿರುವತಿದ್ರು. 'ಅಂವನ ಹೆಸರ್ಲೆ ಇಂಜಿನ್ ನಿಂದರಿಸಿದೆ, ಅಂವ ನನ್ನ ನಡು ನೀರಾಗ ಬಿಟ್ಟ' ಅಂತಿದ್ರು. ನಿನ್ನಿ ಹೇಳಿದ್ರ ಆಗತಿದ್ದಿಲ್ಲೇನ ಖಾಸೀಮಣ್ಣ? ನಿನ್ನಿ ಸಂಜಿತನಾ ಇದ್ದರಲ್ಲೋ."

ಖಾಸಿಂಸಾಬನ ಕಣ್ಣೀರು ಗಡ್ಡದಲ್ಲಿ ಇಳಿಯಿತು. ಅವಳು ಪಿಸ್ಟನ್ನನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಅವನ ತೊಡೆಯ ಮೇಲಿಟ್ಟಳು.

"ನಿಂದು. ನೀನ ಇಟಗೊ."

ಹೊರಗಿನಿಂದ ಯಾರೋ, "ಎತ್ತೂಣೇನ್ರಿ?" ಎಂದು ಕೂಗಿದರು.

*

ಕುಣಿ ತೋಡಿದ್ದು ಅಮಾತೆಪ್ಪನ ಹೊಲದಲ್ಲೇ, ಬದುವಿನ ಪಕ್ಕದಲ್ಲಿ. ಬದುವಿನ ಆಚೆ ಮಲಕಪ್ಪನ ಬಾವಿ. ಅದರ ದಂಡೆಯ ಮೇಲೆ ಅಮಾತೆಪ್ಪ ನಿನ್ನೆ ಚಾಲೂ ಮಾಡಿಕೊಟ್ಟ ಡೀಸೆಲ್ ಪಂಪು ಡಗ್ ಡಗ್ ಎಂದು ಓಡುತ್ತಿತ್ತು. ಅಯ್ಯನವರ ಮಂತ್ರ ಅರ್ಧಕ್ಕರ್ಧ ಕೇಳುತ್ತಿರಲಿಲ್ಲ. ಕುಣಿಯೊಳಗಿನ ಗೂಡಿನಲ್ಲಿ ಅಮಾತೆಪ್ಪನನ್ನು ಕೂರಿಸಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಹೆಬ್ಬೆರಳಿನ ಕರಿ ಮೇಲಿನಿಂದಲೂ ಕಾಣುತ್ತಿತ್ತು. ಬಿಲ್ವಪತ್ರೆ ಬಿತ್ತು, ಉಪ್ಪು ಬಿತ್ತು. ಬಂದವರಿಗೆಲ್ಲ ಒಂದೊಂದು ಚಿಟಿಕೆ ವಿಭೂತಿ ಕೊಟ್ಟರು. ಒಬ್ಬೊಬ್ಬರಾಗಿ ಕುಣಿಗೆ ಹಾಕಿದರು. ಖಾಸಿಂಸಾಬ ಅಂಚಿಗೆ ಬಂದು ನಿಂತ. ಮುಷ್ಟಿ ಬಿಚ್ಚಲಾಗಲಿಲ್ಲ. ಹಿಂದಿನವರಿಗೆ ಜಾಗ ಬಿಟ್ಟು ಸರಿದ.

ಸರಿದವನು ನಿಲ್ಲಲಿಲ್ಲ. ಬದು ದಾಟಿ, ಶೇಂಗಾದ ಸಾಲಿನ ಕೆಸರಿನಲ್ಲಿ ಕಾಲಿಡುತ್ತ ಬಾವಿಯ ದಂಡೆಗೆ ಹೋದ. ಇಂಜಿನ್ ತಪ್ಪಿಲ್ಲದೆ ಓಡುತ್ತಿತ್ತು. ಅಮಾತೆಪ್ಪ ಮುಟ್ಟಿದ್ದಲ್ಲವೇ, ತಪ್ಪು ಎಲ್ಲಿಂದ ಬಂದೀತು? ಖಾಸಿಂಸಾಬ ಎಣ್ಣೆ ಬರುವ ನಳದ ಕಾಕು ತಿರುವಿ ಮುಚ್ಚಿದ. ಇಂಜಿನ್ ನಾಲ್ಕು ಸಲ ತಡವರಿಸಿತು, ನಿಂತಿತು.

"ಯಾಕ್ರೀ, ಯಾಕ್ ಬಂದ್ ಮಾಡಿದ್ರಿ?" ಮಲಕಪ್ಪ ಅಲ್ಲಿಂದಲೇ ಕೂಗಿದ. "ಶೇಂಗಾಕ್ಕ ನೀರ ಬಿಟ್ಟೇನ್ರಿ!"

ಸದ್ದು ನಿಂತಿದ್ದರಿಂದ ಅವನ ಕೂಗಿಗೆ ಎಲ್ಲರೂ ತಿರುಗಿದರು. ಸಿದ್ದಲಿಂಗವ್ವನೂ ತಿರುಗಿದಳು.

"ಇವತ್ತ ಸ್ವಾಮಾರ, ಮಲಕಪ್ಪ," ಎಂದ ಖಾಸಿಂಸಾಬ. ಕೂಗುವ ಅಗತ್ಯವಿರಲಿಲ್ಲ, ಆದರೂ ಕೂಗಿದ. "ಅವನ ಸ್ವಾಮಾರದಿಂದ ರೇಸ್ ಹೋಗಲಿಲ್ಲ. ನಾಲ್ಕನೇ ಪಿಸ್ಟನ್ ಅಳತಿ ತಪ್ಪಿತ್ತು. ಅಳದಾಂವ ನಾನು."

ಮಲಕಪ್ಪ ಬಾಯಿ ತೆರೆದವನು ಹಾಗೇ ನಿಂತ. ಕುಣಿಯ ಹತ್ತಿರ ಅಯ್ಯನವರ ಮಂತ್ರ ಮತ್ತೆ ಶುರುವಾಯಿತು. ಈಗ ಒಂದೊಂದು ಅಕ್ಷರವೂ ಕೇಳುತ್ತಿತ್ತು.

ಖಾಸಿಂಸಾಬ ಮುಷ್ಟಿ ಬಿಚ್ಚಿದ. ಬೆವರಿಗೆ ವಿಭೂತಿ ಮುದ್ದೆಯಾಗಿತ್ತು. ಮೂರು ಬೆರಳಿಗೆ ಹಚ್ಚಿಕೊಂಡು, ಇನ್ನೂ ಸುಡುತ್ತಿದ್ದ ಇಂಜಿನಿನ ಮೈಮೇಲೆ, ಎಡದಿಂದ ಬಲಕ್ಕೆ ಎಳೆದ. ರೂಢಿಯಿಲ್ಲದ ಕೈ, ಗೆರೆಗಳು ಸೊಟ್ಟಗಾದವು. ಬೆರಳು ಚುರುಗುಟ್ಟಿದರೂ ತೆಗೆಯಲಿಲ್ಲ, ಕೊನೆಯವರೆಗೂ ಎಳೆದ.