ಕೊಚ್ಚಿಹೋದ ಹೋಟೆಲಿನ ಮೀನುಸಾರು

ಹುಣಸೂರಿನ ಸೇತುವೆ ಪಕ್ಕ, ಲಕ್ಷ್ಮಣತೀರ್ಥದ ದಡದಲ್ಲಿ ದೊಡ್ಡತಾಯಮ್ಮನ ಹೋಟೆಲು. ಮುಂದೆ ಊಟ, ಹಿಂದೆ ಹೊಳೆಗೆ ಮುಖ ಮಾಡಿದ ಬ್ರಾಂದಿ ಅಂಗಡಿ. ಅವಳ ಮಾವನ ಕಾಲದಿಂದಲೂ ಮಡಿಕೇರಿ ದಾರಿಯ ಪತ್ರಕರ್ತರೆಲ್ಲ ಅಲ್ಲೇ ಕೂತು ಸುದ್ದಿ ಬರೆದು, ಮೈಸೂರಿಗೆ ಹೋಗುವ ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಆಮೇಲೆ ಗ್ಲಾಸು ಹಿಡಿಯುವುದು ರೂಢಿ. ಬಸ್ಸು ತಪ್ಪಿತೋ, ಸುದ್ದಿ ಹಳಸಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಳೆಗಾಲ. ಹೊಳೆ ಏರಿ ಹಿತ್ತಲ ಮೆಟ್ಟಿಲಿಗೆ ಬಂದಿತ್ತು. ಬಸ್ಸಿನ ಹಾರನ್ ಕೇಳಿ ರಿಪೋರ್ಟರ್ ಚಲುವಯ್ಯ ಅವಸರಕ್ಕೆ ಬಿದ್ದ. ಬೆಳಗ್ಗೆ ಪೇಪರು ಬರುವ ಹೊತ್ತಿಗೆ ಹೇಗೂ ಆಗಿಯೇ ಇರುತ್ತದೆ ಅಂದುಕೊಂಡು, ‘ಪ್ರವಾಹಕ್ಕೆ ಹೋಟೆಲು ಕೊಚ್ಚಿಹೋಯಿತು’ ಎಂದು ಅದೇ ಹೋಟೆಲಿನ ಮೇಜಿನ ಮೇಲೆ ಬರೆದು ಕಳಿಸಿಬಿಟ್ಟ ಮಹಾರಾಯ. ಮಳೆ ನಿಂತಿತು, ಹೊಳೆ ಇಳಿಯಿತು. ಹೋಟೆಲಿನ ಒಂದು ಹೆಂಚೂ ಅಲುಗಲಿಲ್ಲ.

ಆದರೆ ಅಚ್ಚಾದದ್ದನ್ನು ಜನ ನಂಬಿದರು. ಪೇಪರು ಓದಿದ ಪ್ರಯಾಣಿಕರು ಊಟಕ್ಕೆ ಊರೊಳಗೇ ನಿಲ್ಲಿಸಿ ಅಂದರು, ಬಸ್ಸುಗಳು ಅಲ್ಲೇ ನಿಲ್ಲತೊಡಗಿದವು. ಮೇಜುಗಳು ಬಿಕೋ ಎಂದವು. ಹೀಗೇ ಆದರೆ ಮಾವ ಹಚ್ಚಿದ ಒಲೆ ಆರಿಸಿ ಬಾಗಿಲು ಹಾಕಬೇಕು. ಹೆದರಿಕೆ ಮಾತ್ರ ದೊಡ್ಡತಾಯಮ್ಮನ ಹತ್ತಿರ ಸುಳಿಯಲಿಲ್ಲ. ಚಲುವಯ್ಯನನ್ನು ಕರೆಸಿದಳು.

“ತಪ್ಪಾಯ್ತು ಅಂತ ಬರ್ದ್ರೆ ನನ್ ಕೆಲ್ಸ ಓಯ್ತದೆ ಕಣಕ್ಕ,” ಅಂದ ಅವನು, ತಲೆ ಎತ್ತದೆ.

“ನೀವೇನೂ ಬರೀಬ್ಯಾಡಿ, ಬರ್ದಿದ್ದು ಸಾಕು. ಇದ ತಕ್ಕೊಂಡೋಗಿ ನಿಮ್ಮ ಸಂಪಾದಕ್ರ ಮುಂದೆ ಬಿಚ್ಚಿ. ಕೊಚ್ಚೋದ ಓಟ್ಲಿಂದ ಬಂತು ಅನ್ನಿ.”

ಬಿಸಿ ಮುದ್ದೆ, ಹೊಳೆಮೀನಿನ ಸಾರು ತುಂಬಿದ ಕ್ಯಾರಿಯರ್ ಅವನ ಕೈಗಿಟ್ಟು ಬಸ್ಸು ಹತ್ತಿಸಿದಳು. ದಾರಿಯುದ್ದಕ್ಕೂ ಘಮಘಮ. ಬಿಳಿಕೆರೆಯಲ್ಲಿ ಹತ್ತಿದವರೂ “ಯಾವ ಓಟ್ಲುದು?” ಅಂತ ಕೇಳಿದರು. ಚಲುವಯ್ಯ ಬಾಯಿ ಬಿಡಲೇಬೇಕಾಯಿತು.

ಸಂಪಾದಕರು ಬೈದರು, ಉಂಡರು, ಕೈ ತೊಳೆದುಕೊಂಡು ಮತ್ತೆ ಬೈದರು. ಆ ವಾರವೇ ಪೇಪರಿನಲ್ಲಿ ಬಂತು: ಹುಣಸೂರಿನ ಹೋಟೆಲು ಇದ್ದಲ್ಲೇ ಇದೆ, ಮೀನುಸಾರೂ ಇದೆ. ಬಸ್ಸುಗಳು ಹೊಳೆದಡಕ್ಕೆ ತಿರುಗಿ ಬಂದವು. ಚಲುವಯ್ಯನ ಕೆಲಸವೂ ಉಳಿಯಿತು.

ಅವನು ಮತ್ತೆ ಬಂದು ಕೂತು ಪೆನ್ನು ಬಿಚ್ಚಿದಾಗ ದೊಡ್ಡತಾಯಮ್ಮ ಹಾಳೆಯ ಮೇಲೆ ಕೈಯಿಟ್ಟಳು.

“ಮೊದ್ಲು ಎದ್ದೋಗಿ ಒಳೆ ನೋಡ್ಕಂಡ್ ಬನ್ನಿ.”

ಅವನು ಎದ್ದು ಹೋಗಿ, ಮೆಟ್ಟಿಲ ಮೇಲೆ ನಿಂತು ನೋಡಿ ಬಂದ. ಅಂದಿನಿಂದ ಎಂಥ ದೊಡ್ಡ ಪತ್ರಕರ್ತ ಬಂದರೂ, ಹಿತ್ತಲಿಗೆ ಹೋಗಿ ಹೊಳೆ ನೋಡಿ ಬಂದ ಮೇಲೆಯೇ ಅವಳು ಮೇಜು ಒರೆಸಿಕೊಡುತ್ತಿದ್ದಳು.