ವೇದಿಕೆಯ ಮೇಲಿನ ಕುರ್ಚಿ

ನೂಲಿನ ಗಿರಣಿಯ ಓಣಿಯಲ್ಲಿ ಚಿಕ್ಕವರು ದೊಡ್ಡವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಕಣ್ಣು ಮುಚ್ಚಿದಾಗ, ಕಂಕುಳ ಕೂಸಾಗಿದ್ದ ತಮ್ಮನನ್ನು ಹೊಟ್ಟೆಬಟ್ಟೆ ಕಟ್ಟಿ ಸಾಕಿದವಳು ಅವಳು. ತಮ್ಮ ಬೆಳೆದು ಅದೇ ಗಿರಣಿ ಸೇರಿದ. ಬಾಯಿ ಬಿಟ್ಟರೆ ಆಚೆ ಶೆಡ್ಡಿಗೂ ಕೇಳಿಸುತ್ತಿದ್ದುದರಿಂದ ಜೊತೆಯವರು ಅವನಿಗೆ ‘ಗಂಟಲು’ ಎಂದು ಹೆಸರಿಟ್ಟರು. ಸೈರನ್ ಕೆಟ್ಟರೆ ಇವನನ್ನೇ ಕಂಬ ಹತ್ತಿಸಿದರಾಯಿತು ಎಂದು ನಗುತ್ತಿದ್ದರು. ಗಿರಣಿ ನಿಲ್ಲಿಸಿ ಮುಷ್ಕರ ಹೂಡಿದ್ದಕ್ಕೆ ಬಿಳಿ ದೊರೆಗಳು ಅವನನ್ನು ಜೈಲಿಗೆ ಹಾಕಿ ಹೊಡೆದರು. ದೊರೆಗಳು ಹಡಗು ಹತ್ತಿದ ಮೇಲೆ ಗಿರಣಿ ಹಿಡಿದವರು ನಮ್ಮವರೇ ಸಾಹುಕಾರರು, ಅವರೂ ಹೊಡೆದರು. ಕೊನೆಗೆ ಕ್ರಾಂತಿಯಾಯಿತು, ಸಾಹುಕಾರರು ಓಡಿದರು, ತಮ್ಮ ಮಂತ್ರಿಯಾದ. ದೊರೆಯ ಬಂಗಲೆಯಲ್ಲಿ ಸಂಸಾರ ಹೂಡಿದ. ‘ಇದು ಜನರ ಗಿರಣಿ’ ಎಂದು ಗೇಟಿನ ಮೇಲೆ ಬರೆಸಿದ.

ಬೋರ್ಡು ಬದಲಾಯಿತೇ ಹೊರತು ಒಳಗಿನ ಗಾಳಿ ಬದಲಾಗಲಿಲ್ಲ. ಹತ್ತಿಯ ಧೂಳು ಕುಡಿದೂ ಕುಡಿದೂ ಅಕ್ಕನ ಎದೆ ಗೊರಗೊರ ಎನ್ನುತ್ತಿತ್ತು. ಅವಳ ಒಬ್ಬಳೇ ಮಗಳೂ ಅಳಿಯನೂ ಅಲ್ಲೇ ದುಡಿಯುತ್ತಿದ್ದರು. ಮಗಳಿಗೆ ಸೋದರಮಾವನದೇ ಗಂಟಲು. ಬಸುರಿಯೊಬ್ಬಳು ಉಸಿರು ಕಟ್ಟಿ ಯಂತ್ರದ ಬುಡದಲ್ಲೇ ಸತ್ತ ದಿನ ಮಗಳು ತನ್ನ ಯಂತ್ರ ನಿಲ್ಲಿಸಿ ಕೂಗು ಹಾಕಿದಳು. ಶೆಡ್ಡಿಗೆ ಶೆಡ್ಡೇ ನಿಂತಿತು. ಮಧ್ಯಾಹ್ನ ಸೈನಿಕರು ಬಂದು ಗಂಡ ಹೆಂಡತಿ ಇಬ್ಬರನ್ನೂ ಲಾರಿಗೆ ಎಳೆದು ಹಾಕಿಕೊಂಡು ಹೋದರು.

ಅಕ್ಕ ಬಂಗಲೆಗೆ ಓಡಿದಳು. ತಮ್ಮ ಊಟಕ್ಕೆ ಕೂತಿದ್ದ.

“ಬಾ ಅಕ್ಕಾ, ಊಟ ಮಾಡು.”

“ಮಗಳನ್ನ ಹಿಡ್ಕೊಂಡು ಹೋದ್ರು ಕಣೋ. ನಿನ್ನ ತೊಡೆ ಮೇಲೆ ಆಡಿದ ಕೂಸು ಅದು.”

“ಗೊತ್ತು. ನಾನೇ ಹೇಳಿ ಕಳಿಸಿದ್ದು. ಒಂದೆರಡು ದಿನ ಒಳಗಿದ್ರೆ ಬುದ್ಧಿ ಬರುತ್ತೆ. ಸುತ್ತ ಶತ್ರುಗಳು ಹೊಂಚು ಹಾಕ್ತಿರೋವಾಗ ಗಿರಣಿ ನಿಲ್ಸೋದಾ?”

“ನೀನು ನಿಲ್ಲಿಸಿರಲಿಲ್ವೇನೋ?”

“ಆಗ ಗಿರಣಿ ಅವರದಾಗಿತ್ತು. ಈಗ ನಮ್ಮದು.”

“ನಮ್ಮದು ಅಂದ್ರೆ ಯಾರದೋ?”

ತಮ್ಮ ತಟ್ಟೆ ಸರಿಸಿದ. “ಅವಳಿಗೆ ಏನೂ ಆಗಲ್ಲ. ನನ್ನಾಣೆ. ಹೋಗು, ನೆಮ್ಮದಿಯಾಗಿರು.”

ಸಾಕಿದ ಕರುಳು, ನಂಬಿತು.

ಮರುದಿನ ಬೆಳಿಗ್ಗೆ ಅದೇ ಲಾರಿ ಮಗಳ ಹೆಣ ತಂದಿಳಿಸಿತು. ಗುಂಡು ಬೆನ್ನಿಗೆ ಬಿದ್ದಿತ್ತು. ಹಿಂದೆಯೇ ತಮ್ಮನೂ ಬಂದ. ಹೆಣದ ಮೇಲೆ ಬಿದ್ದು ಹೊರಳಾಡಿ ಅತ್ತ. ಅದು ನಾಟಕದ ಅಳುವಲ್ಲ. ಅದನ್ನೇ ಅಕ್ಕನಿಗೆ ನೋಡಲಾಗಲಿಲ್ಲ. ಅತ್ತು ಮುಗಿಸಿ ಮುಖ ಒರೆಸಿಕೊಂಡು, ಜನರನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿದ.

“ಓಡಿಹೋಗೋಕೆ ನೋಡಿದಳಂತೆ. ಯಾರೋ ತಲೆಕೆಟ್ಟೋನು ಗುಂಡು ಹಾರಿಸಿದ. ಆಗಿದ್ದು ಆಗಿಹೋಯ್ತು ಅಕ್ಕಾ. ಸಾಹುಕಾರರ ಕಡೆಯವರು ಕೊಂದ್ರು ಅಂತ ನಾಳೆ ಮೈದಾನದಲ್ಲಿ ಹೇಳ್ತೀನಿ. ಗಿರಣಿಗೆ ಅವಳ ಹೆಸರನ್ನೇ ಇಡೋಣ. ನೀನು ವೇದಿಕೆ ಮೇಲೆ ಕೂತಿದ್ರೆ ಸಾಕು, ಮಾತಾಡೋದೇನೂ ಬೇಡ.”

“ಕೂರದಿದ್ರೆ?”

ಅವನು ನೆಲ ನೋಡಿದ. “ಅಳಿಯ ಇನ್ನೂ ಒಳಗಿದಾನೆ. ಅವನ ವಿಷಯ ನನ್ನ ಕೈ ಮೀರಿ ಹೋಗುತ್ತೆ.”

ಅಕ್ಕ ಕೂತಳು. ಮಖಮಲ್ಲಿನ ಮೆತ್ತೆಯ ಕುರ್ಚಿ. ಕೆಳಗೆ ಇಡೀ ಗಿರಣಿ ನಿಂತಿತ್ತು. ಹೆಣಕ್ಕೆ ಹೆಗಲು ಕೊಟ್ಟವರಿಗೆ, ಬೆನ್ನಿನ ಗಾಯ ತೊಳೆದವರಿಗೆ ಸುಳ್ಳು ಯಾವುದು ಎಂದು ಹೇಳಿಕೊಡಬೇಕಿರಲಿಲ್ಲ. ಆದರೂ ತಮ್ಮನ ಮಾತು ಮುಗಿದಾಗ, ಸುತ್ತಲಿನ ಬಂದೂಕುಗಳ ಕಡೆ ಕಣ್ಣು ಹಾಯಿಸಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಏನೋ ಹೇಳಲು ಎದ್ದಳು. ಕೆಮ್ಮು ಒತ್ತರಿಸಿ ಬಂತು. ತಮ್ಮ ಅವಳ ಬೆನ್ನು ನೀವುತ್ತಾ ನೀರಿನ ಲೋಟ ಬಾಯಿಗಿಟ್ಟ. ಅವಳು ಕುಡಿದಳು. ಫೋಟೋದವರು ಆ ಗಳಿಗೆಯನ್ನೇ ಹಿಡಿದರು.

ಅಳಿಯನನ್ನು ಅಂದು ಸಂಜೆಯೇ ಬಿಟ್ಟರು. ಅವನ ಬೆರಳುಗಳಲ್ಲಿ ಉಗುರಿರಲಿಲ್ಲ. ಅಕ್ಕ ಅನ್ನ ಕಲಸಿ ತುತ್ತು ಹಿಡಿದಳು. ಅವನು ಬಾಯಿ ತೆರೆಯಲಿಲ್ಲ.

“ಮೈಕಿನ ಸದ್ದು ಲಾಕಪ್ಪಿಗೂ ಕೇಳಿಸ್ತಿತ್ತು ಅತ್ತೆ. ನೀವು ಅಲ್ಲಿ ಕೂತಿದ್ರಾ?”

“ನಿನ್ನನ್ನ ಬಿಡ್ತೀವಿ ಅಂದ್ರಪ್ಪ.”

“ಬಿಡಿಸಿ ಅಂತ ನಾನು ಕೇಳಿದ್ನಾ?”

ಬೆಳಗಾಗುವಷ್ಟರಲ್ಲಿ ಅವನು ಹೊರಟುಹೋಗಿದ್ದ. ಬೆಟ್ಟದಲ್ಲಿ ಅಡಗಿದ್ದ ಬಂಡಾಯದ ಗುಂಪು ಸೇರಿಕೊಂಡ ಎಂದು ಕೆಲವರು, ದಾರಿಯಲ್ಲೇ ಸಿಕ್ಕಿಬಿದ್ದ ಎಂದು ಕೆಲವರು. ಸುದ್ದಿ ಬರಲೇ ಇಲ್ಲ.

ಓಣಿಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಲ್ಲಿಯ ಹತ್ತಿರ ಅವಳು ಬಂದರೆ ಮಾತು ನಿಲ್ಲುತ್ತಿತ್ತು, ಅವಳ ಕೊಡಕ್ಕೆ ಮೊದಲು ಜಾಗ ಬಿಡುತ್ತಿದ್ದರು. ಮಂತ್ರಿಯ ಅಕ್ಕನಲ್ಲವೇ!

ಒಂದು ದಿನ ಪಕ್ಕದ ಮನೆಯಾಕೆ ಬಂದು ಕಾಲು ಹಿಡಿದಳು. ಅವಳ ಮಗನನ್ನೂ ಲಾರಿಯಲ್ಲಿ ಒಯ್ದಿದ್ದರು.

“ನಿಮ್ಮ ತಮ್ಮಂಗೆ ಒಂದು ಮಾತು ಹೇಳಿ ಅಕ್ಕಾ. ನೀವು ಹೇಳಿದ್ರೆ ಇಲ್ಲ ಅನ್ನಲ್ಲ.”

ಹೋದರೆ ತಮ್ಮನಿಂದ ಸಿಗುವುದು ಇನ್ನೊಂದು ಆಣೆ ಮಾತ್ರ ಎಂದು ಅಕ್ಕನಿಗೆ ಗೊತ್ತಿತ್ತು. ಆ ತಾಯಿಯ ಮುಖ ನೋಡಿ ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

“ನಡಿ, ಹೋಗೋಣ” ಎಂದು ಚಪ್ಪಲಿ ಮೆಟ್ಟಿದಳು.